ಚಿಕ್ಕಮಾದಿ ಕಟ್ಟಿದ ಗಿಡ್ಡ ಗೋಡೆ

ಕಾಕನಕೋಟೆ ಕಾಡಂಚಿನ ಬುಡಕಟ್ಟು ಜನರ ಹಾಡಿಯಲ್ಲಿ ಇನ್ನೂ ಸರಿಯಾಗಿ ಬೆಳಕು ಹರಿದಿಲ್ಲ. ಚಿಕ್ಕಮಾದಿ ಆಗಲೇ ಸೀರೆ ಎತ್ತಿ ಕಟ್ಟಿ, ಕೆಮ್ಮಣ್ಣಿಗೆ ರಾಗಿ ಹುಲ್ಲು ಬೆರೆಸಿ ತುಳಿಯುತ್ತಿದ್ದಾಳೆ. ಮಳೆಗೆ ಮುಂಚೆ ಹಾಡಿಯ ಶಾಲೆಗೆ ಮಣ್ಣು ಮೆತ್ತುವ ಕೆಲಸ ಪ್ರತಿ ವರ್ಷವೂ ಇವಳದೇ. 1974ರ ಈ ಬೇಸಿಗೆಯಲ್ಲಿ ಮಾತ್ರ ಅವಳಿಗೆ ಕೆಲಸದಲ್ಲಿ ಮನಸ್ಸಿಲ್ಲ. ಗೋಡೆಯನ್ನು ಸೂರಿನವರೆಗೆ ಎತ್ತರಿಸಿ, ಇಲ್ಲವಾದರೆ ಶಾಲೆ ಮುಚ್ಚಿಸುತ್ತೇನೆಂದು ತನಿಖೆಗೆ ಬಂದ ಸಾಹೇಬರು ಹೇಳಿಹೋಗಿದ್ದಾರೆ. ಮುಚ್ಚಿದರೆ ಮೂರನೇ ತರಗತಿಯ ಮಗಳು ಕೆಂಚಿಯ ಓದು ಅಲ್ಲಿಗೇ ನಿಲ್ಲುತ್ತದೆ.

ಗೋಡೆ ಗಿಡ್ಡವೆಂಬುದು ನಿಜ. ಬಿದಿರು ತಟ್ಟಿಗೆ ಮಣ್ಣು ಮೆತ್ತಿದ ಅದು ಸೊಂಟದ ಮಟ್ಟಕ್ಕೆ ನಿಂತುಬಿಡುತ್ತದೆ. ಅಲ್ಲಿಂದ ಹುಲ್ಲಿನ ಸೂರಿನ ತನಕ ಬರೀ ಗಾಳಿ, ಬೆಳಕು. ಸುಡುವ ಮಧ್ಯಾಹ್ನದಲ್ಲೂ ಒಳಗೆ ತಂಪು. ಮೊದಲು ಶಾಲೆ ನಡೆಯುತ್ತಿದ್ದ ಹೆಂಚಿನ ಕೋಣೆಗೆ ಒಂದೇ ಕಿಟಕಿ, ಶೆಕೆ, ಕತ್ತಲೆ. ಹಾಡಿಯ ಮಕ್ಕಳು ಕೂತರೆ ತಾನೇ! ಮೊದಲು ಓಡಿಹೋದವಳೇ ಕೆಂಚಿ.

"ಕಾಡು ಕಾಣ್ದಿದ್ರೆ ನಮ್ ಮಕ್ಳಿಗೆ ಉಸ್ರು ಕಟ್ತದೆ ಸಾಮಿ. ಅದ್ಕೇ ಕೂತ್ರೂ ಮರದ್ ತಲೆ ಕಾಣಂಗೆ ಕಟ್ದೆ" ಎಂದು ಕೇಳಿದವರಿಗೆಲ್ಲ ಹೇಳುತ್ತಾಳೆ ಚಿಕ್ಕಮಾದಿ.

ತಟ್ಟಿ ಹೆಣೆಯುವುದರಲ್ಲಿ ಎತ್ತಿದ ಕೈ ಇವಳದು. ಆದರೆ ಅಷ್ಟು ಗಿಡ್ಡ ಗೋಡೆಯನ್ನು ಮಕ್ಕಳು ಹಾರಬಹುದೆಂಬುದು ಹೊಳೆದಿರಲಿಲ್ಲ. ಜೇನಿನ ಕಾಲ ಬಂತೆಂದರೆ ಅಪ್ಪಂದಿರ ಹಿಂದೆ ಎಲ್ಲ ಪರಾರಿ. ಸಾಹೇಬರು ಬಂದ ದಿನ ಒಳಗಿದ್ದದ್ದು ಮೂರು ಮಕ್ಕಳು, ಹತ್ತಾರು ಸ್ಲೇಟು. ನಗು ಬರುವಂಥದ್ದೇ, ರಾವಂದೂರು ಕಡೆಯ ಮೇಷ್ಟ್ರು ಚಲುವಯ್ಯನವರಿಗೆ ಮಾತ್ರ ನಗು ಬರುತ್ತಿಲ್ಲ. "ಇದು ಮುಚ್ಚುದ್ರೆ ನನ್ನ ಬೇರೆ ಕಡೆ ಹಾಕ್ತಾರೆ ಕಣ್ರೀ. ಈ ಮಕ್ಳಿಗೆ ಬೇರೆ ಸ್ಕೂಲೆಲ್ಲೈತೆ?"

ಬಿಸಿಲೇರುವ ಹೊತ್ತಿಗೆ ಚಿಕ್ಕಮಾದಿ ಕತ್ತಿ ಹಿಡಿದು ಕೂರುತ್ತಾಳೆ. ಬಿದಿರು ಸೀಳಿ, ಗಾಳಿಯಾಡುವಂತೆ ಕಣ್ಣು ಕಣ್ಣಾಗಿ ಹೆಣೆದು, ಗೋಡೆಯ ಮೇಲೆ ಸೂರಿನವರೆಗೂ ಕಟ್ಟುತ್ತಾ ಹೋಗುತ್ತಾಳೆ. ಸಾಹೇಬರ ಮಾತೂ ಉಳಿಯಿತು, ತಂಪೂ ಉಳಿಯಿತು. ಆದರೆ ಹಿಂಬದಿಯ ಮೂಲೆಯೊಂದನ್ನು, ಒಂದು ಮಗು ನುಸುಳುವಷ್ಟು, ಹಾಗೇ ಬಿಟ್ಟಿದ್ದಾಳೆ. ಅದನ್ನು ಕಂಡು ಮೇಷ್ಟ್ರ ಮುಖ ಬಾಡುತ್ತದೆ. "ಇನ್ನೊಂದ್ಸಲ ಬಂದಾಗ ಸಾಹೇಬ್ರು ನೋಡುದ್ರೆ?"

ಚಿಕ್ಕಮಾದಿ ಕೈಯ ಮಣ್ಣು ತೊಳೆದುಕೊಳ್ಳುತ್ತಾಳೆ.

"ಇರ್ಲಿ ಬುಡಿ ಮೇಷ್ಟ್ರೇ. ಓಡೋಗಿದ್ದವು ಬಾಗ್ಲಲ್ಲಿ ಬರಾಕೆ ನಾಚ್ಕತವೆ. ನಮ್ ಕೆಂಚಿ ತಿರ್ಗಿ ಒಳಕ್ ಬಂದಿದ್ದು ಆ ಮೂಲೇಲಿ ಗೋಡೆ ಹಾರ್ಕಂಡೇ."