ಗುಡ್ಡದ ತೋಳ, ಹಿತ್ತಿಲ ನಾಯಿ

ಹಾಲು ಉಕ್ಕುವ ಮೊದಲೇ ಒಲೆ ಸಣ್ಣ ಮಾಡಿ, ಮೊದಲ ಜೋಳದ ರೊಟ್ಟಿಯನ್ನು ಬುಟ್ಟಿಗೆ ಹಾಕದೆ ಬದಿಗಿಡುವುದು, ಲಿಂಗನೂರಿನ ಈ ಮನೆಗೆ ಸೊಸೆಯಾಗಿ ಬಂದಾಗಿನಿಂದ ನನ್ನ ರೂಢಿ. ಆ ರೊಟ್ಟಿ ಪಕ್ಕದ ಮನೆ ಕಾಕಾನ ಬಿಳಿ ನಾಯಿಯದು. ದಿನವೂ ಬಾಲ ಎತ್ತಿಕೊಂಡೇ ಹಿತ್ತಿಲಿಗೆ ಬರುತ್ತದೆ. ಆ ಬೆಳಿಗ್ಗೆ ಆರೂವರೆಗೆ ಬಂದಾಗ ಬಾಲ ಕಾಲುಗಳ ನಡುವೆ ಸೇರಿತ್ತು. ಕಿವಿ ಹಿಂದಕ್ಕೊತ್ತಿ, ಮುಖ ಬೇರೆ ಕಡೆ ತಿರುಗಿಸಿ, ನನ್ನ ಮುಂದೆ ಹೊಟ್ಟೆ ತೋರಿಸಿ ಮಲಗಿತು. ರೊಟ್ಟಿ ಮೂಸಲೂ ಇಲ್ಲ. ಕುತ್ತಿಗೆಯ ಕೂದಲು ಒದ್ದೆಯಾಗಿತ್ತು.

ಇಂಥ ಭಂಗಿಗಳನ್ನು ನನಗೆ ಕಲಿಸಿದ್ದು ತೋಳಗಳು. ಬಟ್ಟೆ ಒಣಹಾಕಲು ಮಾಳಿಗೆಗೆ ಹೋದಾಗೆಲ್ಲ, ಮನೆಯವರ ದುರ್ಬೀನು ಹಿಡಿದು, ಎದುರಿನ ಕಲ್ಲುಗುಡ್ಡದ ಸಂಸಾರವನ್ನು ತಿಂಗಳಿಂದ ನೋಡುತ್ತಿದ್ದೆ: ಗಂಡು, ಹೆಣ್ಣು, ಹೋದ ವರ್ಷ ಹುಟ್ಟಿರಬಹುದಾದ ಒಂದು ಪ್ರಾಯದ ತೋಳ, ಮೂರು ಮರಿ. ಗಂಡು ಬೇಟೆಯಿಂದ ಬಂದರೆ ಪ್ರಾಯದ್ದು ಮೈ ಕುಗ್ಗಿಸಿ, ಬಾಲ ಇಳಿಸಿ, ಅದರ ಬಾಯಂಚು ನೆಕ್ಕುತ್ತಿತ್ತು. ಮರಿಗಳು ಮೂತಿ ತಿವಿದರೆ ದೊಡ್ಡದು ತಿಂದದ್ದನ್ನು ಅವುಗಳ ಮುಂದೆ ಕಕ್ಕುತ್ತಿತ್ತು. ಜಗಳ ಕಂಡದ್ದೇ ಕಡಿಮೆ. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರ್ ಬಾಗಿಲಿಗೆ ಬಂದು ಸುಮ್ಮನೆ ನಿಂತರೂ ಇಡೀ ತರಗತಿ ತಗ್ಗುತ್ತಿತ್ತಲ್ಲ, ಹಾಗೆ. ಆದರೆ ನಾನು ಈ ನಾಯಿಯನ್ನು ಬೈದವಳಲ್ಲ. ನನ್ನೆದುರು ಯಾಕಿಷ್ಟು ತಗ್ಗಿತು?

ಎಂಟರ ಹೊತ್ತಿಗೆ ಗೋಡೆಯಾಚೆ ಗದ್ದಲ. ಗೊಬ್ಬರವಾಗಲೆಂದು ಕಾಕಾ, ಕುರಿ ಕಾಯುವ ಧನಗರ ಅಜ್ಜನ ಹಿಂಡನ್ನು ರಾತ್ರಿ ತಮ್ಮ ಹೊಲದಲ್ಲಿ ತರುಬಿಸಿದ್ದರು. ನಸುಕಿನಲ್ಲಿ ಎರಡು ಕುರಿಮರಿ ಸತ್ತಿದ್ದವು; ಅಜ್ಜ ಅವನ್ನು ಕಾಕಾನ ಅಂಗಳಕ್ಕೆ ಹೊತ್ತು ತಂದಿದ್ದ.

"ತೋಳದ ಕೆಲಸಾನಽ ಇದು," ಎಂದರು ಕಾಕಾ. "ಸಂಜೀಕ ಮಾಂಸಕ್ಕ ಔಷಧ ಹಚ್ಚಿ ಗುಡ್ಡದಾಗ ಇಟ್ಟ ಬರ್ತೇನಿ. ಒಂದ ಮರಿ ಸೈತ ಉಳೀಬಾರದು." ಔಷಧವೆಂದರೆ ಕಬ್ಬಿಗೆ ಹೊಡೆಯುವ ವಿಷ.

ಅಜ್ಜ ಸತ್ತ ಮರಿಗಳನ್ನು ತಿರುವಿ ತಿರುವಿ ನೋಡಿದ. "ತೋಳ ಕುತ್ತಿಗಿ ಹಿಡೀತೈತ್ರಿ, ಹೊತ್ಕೊಂಡ ಹೋಗ್ತೈತಿ. ಒಯ್ದಿದ್ರ ಅದರ ಪಾಲು ಅಂತ ಸುಮ್ನಾಗ್ತಿದ್ದೆ, ನಮ್ಮ ಹಿರ್ಯಾರ ರೀತಿನಽ ಅದು. ಇಲ್ಲಿ ಹಿಂದಿನ ತೊಡಿ ಹರದು ಹಂಗಽ ಒಗದ ಹೋಗೇತಿ. ಹೊಟ್ಟಿ ತುಂಬಿದ ಪ್ರಾಣೀ ಆಟ ಇದು."

"ನಿನಗೇನ ತೋಳದ ಜೋಡಿ ಬೀಗತನ ಐತೇನೋ?" ಎಂದು ಕಾಕಾ ನಕ್ಕರು. ನಗುವಾಗ ಅವರ ಕಣ್ಣು ಅಜ್ಜನ ಮೇಲಿರಲಿಲ್ಲ, ನನ್ನ ಮೇಲಿತ್ತು.

"ಕಾಕಾ, ನಿಮ್ಮ ನಾಯಿ ಇವತ್ತ ರೊಟ್ಟಿ ಮುಟ್ಟಲಿಲ್ರಿ," ಎಂದೆ.

"ಬಿಸಲವಾ, ಬಿಸಲು."

ಆರೂವರೆಗೆ ಎಂಥ ಬಿಸಿಲು ಎಂದು ಕೇಳುವ ಧೈರ್ಯವಾಗಲಿಲ್ಲ. ಕಣ್ಣಾರೆ ಕಂಡದ್ದಾದರೂ ಏನು, ಒಂದು ಇಳಿಬಿದ್ದ ಬಾಲ, ಒಂದಿಷ್ಟು ಒದ್ದೆ ಕೂದಲು. ಅದನ್ನೇ ಹಿಡಿದು ಹಿರಿಯರ ಮೇಲೆ ಮಾತು ಹೊರಿಸುವುದು ಹೇಗೆ? ಆ ದಿನ ಮೂರು ಸಲ ಮಾಳಿಗೆ ಹತ್ತಿದೆ. ಗುಡ್ಡದ ಮರಿಗಳು ಅಮ್ಮನ ಬಾಲ ಎಳೆದು ಆಡುತ್ತಿದ್ದವು.

ಸಂಜೆ ಕಾಕಾನ ಗಾಡಿಗೆ ಒಂದು ಕರಿ ಚೀಲ ತೂಗಾಡುತ್ತಿರುವುದು ಕಂಡಿತು. ಒಣಗಿದ ಬಟ್ಟೆ ತೆಗೆಯುವ ನೆಪದಲ್ಲಿ ಗೋಡೆಯ ಹತ್ತಿರ ಹೋದೆ. ಆಚೆ ಕಾಕಾನ ಹೆಂಡತಿ ಕಾಕೂ ಮೆಂತೆ ಸೊಪ್ಪು ಬಿಡಿಸುತ್ತ ಕೂತಿದ್ದರು.

"ಕಾಕಾ ಗುಡ್ಡಕ್ಕ ಹೊಂಟಾರೇನ್ರಿ ಕಾಕೂ?"

"ಎಲ್ಲೀ ಗುಡ್ಡವಾ, ಚೀಲ ಕಟ್ಟಿದ್ರು, ನಾನಽ ಬ್ಯಾಡ ಅಂದೆ," ಎಂದರು ಅವರು, ಸೊಪ್ಪಿನಿಂದ ತಲೆ ಎತ್ತದೆ. "ನಮ್ಮ ನಾಯಿ ಹಗ್ಗ ಹರಕೊಂಡು ಆ ಕಡೇನಽ ಓಡ್ತೈತಿ, ತಿಂದ ಗಿಂದೀತು. ನಿನ್ನಿನೂ ಎಲ್ಲಿ ತಿರಗ್ಯಾಡಿ ಬಂತೋ, ನಸಕಿನ್ಯಾಗ ಎದ್ದು ಅದರ ಬಾಯಿ ಕುತ್ತಿಗಿ ತೊಳಿಯೂದಽ ಆತು ನನಗ."