ಕೇದಾರದ ಹಿಂದಿನ ಶಿಖರ

ಮಧುಗಿರಿಯ ಏಕಶಿಲಾ ಬೆಟ್ಟ ಏಷ್ಯಾದಲ್ಲೇ ಎರಡನೆಯ ದೊಡ್ಡದು ಎಂದು ಎಲ್ಲರೂ ಹೇಳುತ್ತಾರೆ. ಅಳೆದವರು ಯಾರು ಎಂದು ನಾನು ಕೇಳುತ್ತಲೇ ಬಂದಿದ್ದೇನೆ, ಉತ್ತರ ಸಿಕ್ಕಿಲ್ಲ. ಇಂಥ ನನ್ನನ್ನು ಸಹಿಸಿಕೊಂಡ ಗೆಳೆಯ ಒಬ್ಬನೇ. ಆ ಬೆಟ್ಟದ ಬುಡದಲ್ಲೇ ಅವನ ಫೋಟೋ ಸ್ಟುಡಿಯೋ. ವರ್ಷವಿಡೀ ಮದುವೆ, ನಾಮಕರಣಗಳ ಮುಖಗಳನ್ನು ತೆಗೆದು, ದಸರಾ ಮುಗಿಯುತ್ತಲೇ ಕ್ಯಾಮೆರಾ ಹೊತ್ತು ಹಿಮಾಲಯಕ್ಕೆ ಹೊರಡುತ್ತಿದ್ದ. ಸಂಸಾರ ಬೇಸರವಾಗಿ ಹೋಗುತ್ತಾನೆ ಎಂದಿತು ಊರು. ಬೇಸರವಾದವನು ಹೆಂಡತಿ ಮಾಡಿಕೊಟ್ಟ ಹುರಿಹಿಟ್ಟನ್ನು ಅಷ್ಟು ಜೋಪಾನವಾಗಿ ಚೀಲದಲ್ಲಿ ಇರಿಸಿಕೊಳ್ಳುವುದಿಲ್ಲ.

ಮೊದಲ ಸಲ ಅವನು ತೆಗೆದು ತಂದ ಹಿಮವೆಲ್ಲ ಬೂದಿಬಣ್ಣ. ನಮ್ಮ ಬಂಡೆಗಳನ್ನು ತೆಗೆದೇ ಕೈ ಪಳಗಿದವನು, ಬೆಳಕು ಅಳೆಯುವ ಮೀಟರ್ ಹೇಳಿದ್ದನ್ನು ಅಲ್ಲಿಯೂ ಹಾಗೆಯೇ ನಂಬಿದ್ದ. ಮೀಟರಿಗೆ ಜಗತ್ತೆಲ್ಲ ಬಂಡೆಯ ಬಣ್ಣ; ಅಚ್ಚ ಬಿಳುಪನ್ನೂ ಅದು ಮಬ್ಬು ಮಾಡಿಬಿಡುತ್ತದೆ.

"ಅಷ್ಟು ದೂರ ಹೋಗಿ ನಮ್ಮ ಪಕ್ಕದ ಮಿಡಿಗೇಶಿ ಬೆಟ್ಟ ತಂದವ್ರೆ ಕಣಣ್ಣ" ಎಂದು ಅವನ ಹೆಂಡತಿ ನನ್ನೆದುರೇ ನಕ್ಕಿದ್ದಳು. ಅಂದಿನಿಂದ ಹಿಮದ ಮುಂದೆ ಮೀಟರಿನ ಮಾತು ಮೀರಿ ಹೆಚ್ಚು ಬೆಳಕು ಕೊಡುವುದನ್ನು ತಾನೇ ಕಲಿತ. ಹೇಳಿದ್ದನ್ನೆಲ್ಲ ನಂಬದ ನನಗೆ ಅವನು ಇನ್ನಷ್ಟು ಹತ್ತಿರವಾದದ್ದು ಆಗಲೇ.

ಒಂದು ಚಿತ್ರ ಮಾತ್ರ ಅವನಿಗೆ ದಕ್ಕಲೇ ಇಲ್ಲ: ಕೇದಾರದ ಹಿಂದಿನ ಶಿಖರಕ್ಕೆ ಮೊದಲ ಬಿಸಿಲು ಬೀಳುವ ಗಳಿಗೆ. ಹೋದಾಗಲೆಲ್ಲ ಮೋಡ. ಕಳೆದ ವರ್ಷ ಡಾಕ್ಟರು ಎದೆ ಪರೀಕ್ಷಿಸಿ, ಇನ್ನು ಎತ್ತರದ ಜಾಗ ಬೇಡವೆಂದರು. ಆ ವರ್ಷವೇ ಹೆಂಡತಿ ತೋವಿನಕೆರೆಯ ತನ್ನ ಅಕ್ಕನೊಡನೆ ಕೇದಾರಯಾತ್ರೆಗೆ ಹೊರಟಳು. ಸ್ಟುಡಿಯೋದಲ್ಲಿ ಅವನ ಪಕ್ಕ ನಿಂತು ಕೆಲಸ ಕಲಿತವಳೇ. ಅವನು ಕ್ಯಾಮೆರಾವನ್ನು ಅವಳ ಕೊರಳಿಗೆ ಹಾಕಿದ.

"ಮೀಟ್ರು ಹೇಳಿದ್ದು ನಂಬಬ್ಯಾಡ, ಬೆಳಕು ಜಾಸ್ತಿ ಕೊಡು. ಇನ್ನೊಂದು, ಬೆಟ್ಟದ ಪಟದಾಗೆ ಜನ ಇರಬಾರ್ದು."

"ಗೊತ್ತು ಬುಡ್ರಿ. ಹೊಸಬರಿಗೆ ಹೇಳ್ದಂಗೆ ಹೇಳ್ತೀರ."

ಅವಳು ಮರಳಿದ ದಿನ ಮೂವರೂ ಕಂಪ್ಯೂಟರಿನ ಮುಂದೆ ಕುಳಿತೆವು. ಶಿಖರ ಅಚ್ಚ ಬಿಳಿ, ತುದಿಯಲ್ಲಿ ಕೆಂಪು ಬಿಸಿಲು, ಮೋಡದ ಸುಳಿವಿಲ್ಲ. ನಟ್ಟನಡುವೆ, ಸ್ವೆಟರಿನ ಮೇಲೆ ಸೆರಗು ಹೊದ್ದು, ಅವಳು.

"ಜನ ಬ್ಯಾಡ ಅಂದಿದ್ನಲ್ಲೇ!"

"ನಾನೇನ್ ಜನಾನಾ? ಪ್ರತಿ ಸತಿ ಚೀಲ ಕಟ್ಕೊಟ್ಟೋಳು. ಎಲ್ಲಾ ಸರಿ ಮಾಡಿ, ಅಕ್ಕನ ಕೈಲಿ ಒತ್ತಿಸ್ದೆ."

"ನೀನಿಲ್ದೇ ಇರೋದು ಇನ್ನೊಂದು?"

"ಅಷ್ಟೊತ್ಗೆ ಮೋಡ ಬಂದ್ಬುಡ್ತು."

ಮದುವೆ ಚಿತ್ರಗಳಿಂದ ಬೇಡದ ನೆಂಟರನ್ನು ಅಳಿಸಿ ರೂಢಿಯಿದ್ದವನಿಗೆ ಅವಳನ್ನು ಅಳಿಸುವುದು ದೊಡ್ಡ ಕೆಲಸವಾಗಿರಲಿಲ್ಲ. ಮೌಸ್ ಹಿಡಿದ. ಹಿಮವನ್ನು ದೊಡ್ಡದು ಮಾಡಿ ನೋಡಿದ. ಬಳಿಕ ಅವಳ ಮುಖವನ್ನು. ಮೌಸನ್ನು ಪಕ್ಕಕ್ಕೆ ಸರಿಸಿದ.

"ಹಿಂಗೇ ಇರ್ಲಿ" ಎಂದ.

ಆ ಚಿತ್ರವೀಗ ಸ್ಟುಡಿಯೋದ ಎದುರುಗೋಡೆಯನ್ನು ತುಂಬಿಕೊಂಡಿದೆ. ಅವಳನ್ನು ಯಾಕೆ ಉಳಿಸಿದೆ ಎಂದು ಕೇಳಿದರೆ, "ಬಿಳಿ ಸರಿಯಾಗಿ ಬಂದೈತಲ್ಲ, ಅದಕ್ಕೆ" ಎನ್ನುತ್ತಾನೆ. ಆ ಮಾತನ್ನೂ ನಾನು ನಂಬಿಲ್ಲ.