ಗಂಗಾಧರಪ್ಪನವರ ನಿದ್ದೆ

ಏನನ್ನು ಕೈಗೆ ಕೊಟ್ಟರೂ ಗಂಗಾಧರಪ್ಪನವರು ಮೊದಲು ಅದನ್ನು ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸುತ್ತಿದ್ದರು. ನಲವತ್ತು ವರ್ಷ ತಿಪಟೂರಿನ ಮಂಡಿಗಳಲ್ಲಿ ಕೊಬ್ಬರಿ ದಲಾಲಿ ಮಾಡಿದವರು. ಕಾಯಿಯೊಳಗೆ ಕೊಬ್ಬರಿ ಒಣಗಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಎಂದು ಸದ್ದಿನಲ್ಲೇ ಹೇಳುತ್ತಿದ್ದರು. ನನ್ನ ಔಷಧಿ ಅಂಗಡಿಯಲ್ಲಿ ಟಾನಿಕ್ ಬಾಟಲಿಗೂ ಅದೇ ಪರೀಕ್ಷೆ. "ಸದ್ದಿಲ್ಲ ಕಣಪ್ಪ, ತುಂಬೈತೆ" ಎಂದು ಹೇಳಿ ಚೀಲಕ್ಕೆ ಹಾಕಿಕೊಳ್ಳುವರು. ನನಗೆ ನಗು ಬರುತ್ತಿತ್ತು.

ಎಪ್ಪತ್ತರ ದಶಕ ಮುಗಿಯುತ್ತಿದ್ದ ಕಾಲ. ಅವರಿಗೆ ನಿದ್ದೆ ಹತ್ತದೆ ಎರಡು ವರ್ಷವಾಗಿತ್ತು. ಮಂಡಿಯ ಹಮಾಲಿಗಳಿಗೂ ಅದು ಗೊತ್ತಿತ್ತು. "ನಿದ್ದೆಗೆ ನಮ್ಮನೆ ದಾರಿ ಮರ್ತೋಗೈತೆ ಕಣಪ್ಪ" ಎಂದು ಗಂಗಾಧರಪ್ಪನವರೇ ಎಲ್ಲರಿಗೂ ಹೇಳುವರು. ನಮ್ಮೂರಿನ ಡಾಕ್ಟರು ಬರೆದುಕೊಟ್ಟ ನಿದ್ದೆ ಮಾತ್ರೆಯನ್ನು ನನ್ನಲ್ಲೇ ಕೊಳ್ಳುತ್ತಿದ್ದರು. ಪ್ರತಿ ಸಲ ಚೀಟಿ ಕೇಳುವುದನ್ನು ನಾನು ಬಿಟ್ಟಿದ್ದೆ. ಪರಿಚಯದವರಿಗೆ ಏನು ಚೀಟಿ ಎಂಬ ಉದಾಸೀನ.

ಒಂದು ದಿನ ಬೆಳಿಗ್ಗೆ ಹನ್ನೊಂದಕ್ಕೆ ತೂರಾಡುತ್ತಾ ಬಂದು ಬೆಂಚಿನ ಮೇಲೆ ಕುಸಿದರು. ಮಾತು ತೊದಲುತ್ತಿತ್ತು. ಕೊರಳಲ್ಲಿ ಲಿಂಗ ಕಟ್ಟಿಕೊಂಡು ಹೆಂಡದ ಅಂಗಡಿಯ ಕಡೆ ತಿರುಗಿಯೂ ನೋಡದ ಮನುಷ್ಯನನ್ನು ಕುಡುಕ ಎಂದು ಬೀದಿಯವರು ಆಡಿಕೊಂಡರು. ಬೇರೆ ಏನಾದರೂ ಔಷಧಿ ತೆಗೆದುಕೊಳ್ಳುತ್ತಿದ್ದೀರಾ ಎಂದು ಕೇಳಿದೆ. "ಇಲ್ಲ ಬುಡಪ್ಪ" ಎಂದರು.

ನಿಜ ಹೇಳಿದವರು ಅವರ ಹೆಂಡತಿ ಪಾರ್ವತಮ್ಮ. ಮಾರನೆಯ ವಾರ ಅವರು ಸೆರಗಿನ ಗಂಟು ಬಿಚ್ಚಿ ಮಾತ್ರೆ ತೀರಿದ ಖಾಲಿ ಹಾಳೆಯೊಂದನ್ನು ಮುಂದಿಟ್ಟು, "ಇದು ನಿಮ್ಮತ್ರ ಸಿಕ್ತದಾ? ಹಾಸನದ ಡಾಕ್ಟ್ರು ಎದೆ ಹೊಡ್ಕೊಳದಕ್ಕೆ, ಗಾಬ್ರಿಗೆ ಅಂತ ಬರ್ದವ್ರೆ. ಎಲ್ಡು ತಿಂಗ್ಳಾತು" ಎಂದರು. ಹಾಳೆಯ ಮೇಲಿನ ಹೆಸರು ಓದಿದೆ. ಒಂದು ನಿದ್ದೆಯದು, ಇನ್ನೊಂದು ಗಾಬರಿಯದು; ಎರಡೂ ಸೇರಿದರೆ ಮಂಪರು ಹೆಚ್ಚಿ ಉಸಿರೇ ಮಂದವಾಗುತ್ತದೆ.

ಹೇಳಿ ಕಳುಹಿಸಿ ಗಂಗಾಧರಪ್ಪನವರನ್ನು ಕರೆಸಿ ಬೈದೆ. "ಹಾಸನದಲ್ಲಿ ಇಲ್ಲಿಯ ಮಾತ್ರೆಯ ವಿಷಯ ಯಾಕೆ ಹೇಳಲಿಲ್ಲ ಯಜಮಾನರೇ?"

ಅವರು ಟವೆಲಿನಿಂದ ಮುಖ ಒರೆಸಿಕೊಂಡರು. "ಒಂದು ಮಂಡೀಲಿ ಕುಂತ್ಕಂಡು ಇನ್ನೊಂದು ಮಂಡಿ ಹೆಸ್ರು ಎತ್ತಾಕಾಯ್ತದಾ? ದೊಡ್ಡ ಡಾಕ್ಟ್ರು. ಏನಂದ್ಕೊಂಡಾರು?"

ಅಷ್ಟೇ ಕಾರಣ. ದಲಾಲಿಯ ಮರ್ಯಾದೆಯನ್ನು ಅವರು ಡಾಕ್ಟರ ಕೋಣೆಗೂ ಹೊತ್ತುಕೊಂಡು ಹೋಗಿದ್ದರು. ನಮ್ಮೂರಿನ ಡಾಕ್ಟರ ಮುಂದೆಯೂ ಹಾಸನದ ಸುದ್ದಿ ಎತ್ತಿರಲಿಲ್ಲ. ಎರಡು ಮಾತ್ರೆಯನ್ನೂ ಕೂಡಿಸಿ ನುಂಗಬೇಡಿ, ನೀವಾಗಿಯೇ ಏಕಾಏಕಿ ನಿಲ್ಲಿಸಲೂ ಬೇಡಿ, ಇವತ್ತೇ ಎರಡು ಹಾಳೆಯನ್ನೂ ಡಾಕ್ಟರಿಗೆ ತೋರಿಸಿ ಎಂದೆ. "ಸೋಮವಾರ ಹೋಯ್ತೀನಿ ಬುಡು. ಈಗ ಮಾಲು ಬಂದೈತೆ" ಎಂದರು. ನಾನೇ ಕೈ ಹಿಡಿದು ಕರೆದುಕೊಂಡು ಹೋಗಬಹುದಿತ್ತು. ಡಾಕ್ಟರ ಮನೆ ನಾಲ್ಕು ಅಂಗಡಿ ಆಚೆಗಿತ್ತು. ಅಂಗಡಿಯಲ್ಲಿ ಜನವಿತ್ತು, ನನಗೆ ಸಾಕಾಗಿತ್ತು.

ಶನಿವಾರ ಮಧ್ಯಾಹ್ನ ಊಟ ಮಾಡಿ ಮಂಡಿಗೆ ಬಂದವರು ಕೊಬ್ಬರಿ ಮೂಟೆಗಳ ಮೇಲೆ ಮಲಗಿದರಂತೆ. ಎದೆ ಹೊಡೆದುಕೊಳ್ಳುತ್ತಿದೆ ಎಂದು ಅವತ್ತು ಮನೆಯಲ್ಲಿ ಎರಡು ಬಗೆಯದನ್ನೂ ನುಂಗಿ ಬಂದಿದ್ದರೆಂದು ಪಾರ್ವತಮ್ಮ ಆಮೇಲೆ ಹೇಳಿದರು. ಮೂರು ಗಂಟೆಗೆ ನಾನು ಆ ಮಂಡಿಯ ಒಳದಾರಿಯಲ್ಲಿ ಹಾದು ಬಂದೆ. ಹಮಾಲಿಗಳು ರೇಡಿಯೋ ಆರಿಸಿ ಮೆಲ್ಲಗೆ ಮಾತಾಡುತ್ತಿದ್ದರು. ಒಬ್ಬ ನನ್ನನ್ನು ನೋಡಿ ಬಾಯಿಯ ಮೇಲೆ ಬೆರಳಿಟ್ಟ. "ಪಾಪ, ಎಷ್ಟು ದಿನಕ್ಕೆ ನಿದ್ದೆ ಹತ್ತೈತೆ. ಎಬ್ಬಿಸ್ಬ್ಯಾಡಿ ಕಣ್ರೀ."

ಒಳಗಿನಿಂದ ದೊಡ್ಡ ಗೊರಕೆ ಕೇಳುತ್ತಿತ್ತು. ನಡುನಡುವೆ ನಿಂತು ಮತ್ತೆ ಶುರುವಾಗುತ್ತಿತ್ತು. ಆ ಮಾತ್ರೆಗಳ ಸಂಗತಿ ಆ ಬೀದಿಯಲ್ಲಿ ತಿಳಿದಿದ್ದವನು ನಾನೊಬ್ಬನೇ. ಆದರೂ ಆ ಸದ್ದು ಕೇಳಿ ನನಗೆ ಸಮಾಧಾನವಾಯಿತು. ಸದ್ದಾಗದಂತೆ ಚಪ್ಪಲಿ ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು ಅವರ ಪಕ್ಕದಲ್ಲೇ ದಾಟಿ ಬಂದೆ.

ಸಂಜೆ ಆ ಮೂಟೆಗಳನ್ನು ಲಾರಿಗೆ ಹೇರಬೇಕಾಯಿತು. ಆಗ ಎಬ್ಬಿಸಲು ಹೋದರು. ಮೈ ತಣ್ಣಗಾಗಿತ್ತು.